ಸಿಗದ ಮೀನಿನ ಬೆಲೆ

ನಮ್ಮ ಪ್ರಾಚೀನ ಕವಿಗಳು ಸಮುದ್ರವನ್ನು ಬಿಟ್ಟು ಮುಂದೆ ಹೋಗುವಂತಿರಲಿಲ್ಲ. ಮಹಾಕಾವ್ಯದಲ್ಲಿ ಇರಬೇಕೆಂದು ಲಾಕ್ಷಣಿಕರು ಹೇಳಿದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರ ವರ್ಣನೆಯೂ ಒಂದು. ಆದುದರಿಂದ ಕಡಲನ್ನು ಕಣ್ಣಿಂದ ಕಾಣದ ಕವಿಯೂ ಅದನ್ನು ಬಣ್ಣಿಸಲೇಬೇಕಾಗಿತ್ತು. ಅಂಥ ವರ್ಣನೆಗಳನ್ನು ಮೂವತ್ತು ವರ್ಷಗಳಿಗೂ ಮಿಕ್ಕಿ ತರಗತಿಗಳಲ್ಲಿ ವ್ಯಾಖ್ಯಾನಿಸಿದವನು ನಾನು. ರತ್ನಾಕರ, ಜಲನಿಧಿ, ಅಂಬುಧಿ ಎಂದು ಪರ್ಯಾಯ ಪದಗಳನ್ನು ಕರಿಹಲಗೆಯ ಮೇಲೆ ಬರೆದಿದ್ದೇನೆ. ಆದರೆ ಆ ಕಡಲಿನೊಳಗಿನ ಒಂದು ಜೀವಿಯೊಡನೆ ಹಗ್ಗ ಜಗ್ಗಿದುದು ಬಾಳಿನಲ್ಲಿ ಒಂದೇ ಒಂದು ಸಲ. ಆ ಸಂಗತಿಯನ್ನು ಅನೇಕ ಕಡೆ ಹೇಳಿಕೊಂಡಿದ್ದೇನೆ. ಪೂರ್ತಿಯಾಗಿ ಹೇಳುತ್ತಿರುವುದು ಇದೇ ಮೊದಲು.

1987ರ ಜನವರಿ ತಿಂಗಳು. ಉತ್ತರ ಕನ್ನಡದ ಕರಾವಳಿಯ ಕಾಲೇಜೊಂದರಲ್ಲಿ ನಾನು ಆಗ ಹೊಸ ಅಧ್ಯಾಪಕ. ಅಲ್ಲಿನ ಸಾಹಿತ್ಯ ಸಂಘದಲ್ಲಿ ಅರ್ನೆಸ್ಟ್ ಹೆಮಿಂಗ್ವೆಯ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಕಾದಂಬರಿಯನ್ನು ಕುರಿತು ಒಂದು ಉಪನ್ಯಾಸ ಕೊಟ್ಟಿದ್ದೆ. 84 ದಿನ ಒಂದು ಮೀನೂ ಸಿಗದ ಕ್ಯೂಬಾದ ಮುದುಕ ಸ್ಯಾಂಟಿಯಾಗೊ, ಅವನ ಗಾಳಕ್ಕೆ ಬಿದ್ದ ಹದಿನೆಂಟು ಅಡಿಯ ಮಾರ್ಲಿನ್ ಮೀನು, ಎರಡು ರಾತ್ರಿಗಳನ್ನು ದಾಟಿ ಮೂರನೆಯ ಹಗಲಿಗೆ ಮುಟ್ಟಿದ ಹೋರಾಟ, ಕೊನೆಗೆ ಶಾರ್ಕುಗಳು ತಿಂದುಳಿಸಿದ ಬರೀ ಎಲುಬಿನ ಹಂದರ. ಇದನ್ನೆಲ್ಲ ವಿವರಿಸಿ, ಸೋಲಿನಲ್ಲಿ ಗೆಲುವನ್ನು ಕಂಡ ಮನುಷ್ಯನ ಕಥೆ ಇದು ಎಂದು ಮುಗಿಸಿದ್ದೆ. ಚಪ್ಪಾಳೆಯೂ ಬಿದ್ದಿತ್ತು. ಮರುದಿನ ವಿದ್ಯಾರ್ಥಿಯೊಬ್ಬ ಬಂದು, “ಸರ್, ನಮ್ಮಪ್ಪನೂ ಗಾಳ ಹಾಕ್ತಾರೆ. ಒಮ್ಮೆ ದೋಣಿಯಲ್ಲಿ ಬರ್ತೀರಾ?” ಎಂದು ಕೇಳಿದ. ಬಯಲುಸೀಮೆಯಲ್ಲಿ ಹುಟ್ಟಿದ ನನಗೆ ಅದಕ್ಕಿಂತ ದೊಡ್ಡ ಆಮಂತ್ರಣ ಬೇಕಿರಲಿಲ್ಲ.

ಆ ಹುಡುಗನ ತಂದೆಯನ್ನು ಊರವರೆಲ್ಲ ತಾಂಡೇಲರು ಎನ್ನುತ್ತಿದ್ದರು. ದೋಣಿಯ ಮುಖಂಡನಿಗೆ ನಮ್ಮ ಕರಾವಳಿಯಲ್ಲಿ ಇರುವ ಹೆಸರು ಅದು. ಒಂದು ಕಾಲದಲ್ಲಿ ರಂಪಣಿ ಬಲೆಯನ್ನು ಎಳೆದು ಬೆಳೆದವರು. 1970ರ ದಶಕದಲ್ಲಿ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದು, ದಡಕ್ಕೆ ಬರುವ ಬಂಗಡೆ, ತಾರ್ಲೆಗಳು ಕಡಲಲ್ಲಿಯೇ ಸೂರೆಯಾದ ಮೇಲೆ ರಂಪಣಿಗೆ ಉಳಿಗಾಲವಿರಲಿಲ್ಲ. ನೂರಾರು ಕೈಗಳು ಸೇರಿ ಎಳೆಯುತ್ತಿದ್ದ ಬಲೆ ಮೂಲೆ ಸೇರಿತು. ತಾಂಡೇಲರು ಮಗನನ್ನು ಜೊತೆಗಿಟ್ಟುಕೊಂಡು ಸಣ್ಣ ದೋಣಿಯಲ್ಲಿ ಗಾಳಕ್ಕೆ ಹೋಗತೊಡಗಿದರು. ದೋಣಿಗೊಂದು ಎಂಜಿನ್ ಕೂಡಿಸುವ ಆಸೆಯಿಂದ ಸಾಲವನ್ನೂ ಎತ್ತಿದ್ದರು. ಎಂಜಿನ್ ಇನ್ನೂ ಬಂದಿರಲಿಲ್ಲ, ಬಡ್ಡಿ ಮಾತ್ರ ಆಗಲೇ ಓಡುತ್ತಿತ್ತು. ಇದು ನನಗೆ ಆ ದಿನ ಗೊತ್ತಿರಲಿಲ್ಲ.

ಕರಾವಳಿಯಲ್ಲಿ ಆ ದಿನಗಳ ಗಾಳಿಗೆ ಒಂದು ನಿಯಮವಿದೆ. ಬೆಳಗಿನ ಜಾವ ನೆಲದಿಂದ ಕಡಲಿಗೆ ಬೀಸುತ್ತದೆ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ. ಹೋಗುವಾಗ ಒಂದು ಗಾಳಿ, ಬರುವಾಗ ಇನ್ನೊಂದು. ಹಾಯಿ ಕಟ್ಟುವ ಬಡವನಿಗೆ ಪ್ರಕೃತಿ ಮಾಡಿಟ್ಟ ಅನುಕೂಲ. ನಾವು ಕತ್ತಲಿರುವಾಗಲೇ ಹೊರಟೆವು. ಬೆಳಕು ಹರಿದಾಗ ನೇತ್ರಾಣಿ ದ್ವೀಪದ ಗುಡ್ಡ ಪಶ್ಚಿಮದಲ್ಲಿ ನೀಲಿಯಾಗಿ ಕಾಣುತ್ತಿತ್ತು. ಇಸ್ವಣ ಮೀನಿಗೆಂದು ಬಂಗಡೆ ಸಿಕ್ಕಿಸಿದ ಗಾಳವನ್ನು ತಾಂಡೇಲರು ನೀರಿಗೆ ಬಿಟ್ಟರು. ಇಸ್ವಣದ ಹಲ್ಲು ಚೂಪು. ಹುರಿಯನ್ನು ಕಚ್ಚಿ ತುಂಡರಿಸದಿರಲೆಂದು ಗಾಳದ ಬಳಿ ತಂತಿ ಕಟ್ಟಿರುತ್ತಾರೆ. ತಂತಿಯಿಂದ ಈಚೆಗೆ ದೋಣಿಯವರೆಗೂ ನೈಲಾನ್ ಹುರಿ.

ಎಂಟು ಗಂಟೆಯ ಸುಮಾರಿಗೆ ಹುರಿ ಒಮ್ಮೆ ನಡುಗಿತು. ಮರುಕ್ಷಣ ತಾಂಡೇಲರ ಬೆರಳುಗಳ ನಡುವೆ ಅದು ಸುಯ್ಯೆಂದು ಹರಿಯತೊಡಗಿತು. ಅವರು ಅದನ್ನು ಬಿಗಿಯಾಗಿ ಹಿಡಿಯಲಿಲ್ಲ. ಒದ್ದೆ ಬಟ್ಟೆಯೊಂದನ್ನು ಅಂಗೈಗೆ ಸುತ್ತಿಕೊಂಡು, ಮಗುವಿನ ಕೈ ಹಿಡಿದಂತೆ ಹಿಡಿದು, ಹೋಗಗೊಟ್ಟರು. ಬಹು ದೂರದಲ್ಲಿ ನೀರು ಸೀಳಿತು. ಉದ್ದವಾದ ಕಪ್ಪು ನೀಲಿ ಮೈ, ಈಟಿಯಂಥ ಮೂತಿ, ಒಂದು ಗಳಿಗೆ ಗಾಳಿಯಲ್ಲಿ ನಿಂತಂತೆ ಕಂಡು ಮತ್ತೆ ಮುಳುಗಿತು. “ಇಸ್ವಣ ಅಲ್ಲ,” ಎಂದಷ್ಟೇ ಹೇಳಿದರು ತಾಂಡೇಲರು. ಮಾರ್ಲಿನ್ ಜಾತಿಯ ಮೀನುಗಳು ನಮ್ಮ ಅರಬ್ಬೀ ಸಮುದ್ರದಲ್ಲಿಯೂ ಇವೆಯೆಂದು ನಾನು ಓದಿ ತಿಳಿದದ್ದು ಅನಂತರ. ಅದು ಆ ಕುಲದ್ದೇ ಇರಬೇಕು.

ಅಲ್ಲಿಂದ ಮೂರು ಗಂಟೆಗಳ ಕಾಲ ನಡೆದುದನ್ನು ಹೋರಾಟವೆನ್ನಲು ನನಗೆ ಈಗ ಸಂಕೋಚವಾಗುತ್ತದೆ. ಹೋರಾಟವೆಂದರೆ ನಾವು ಎಳೆದಾಟವನ್ನು ಕಲ್ಪಿಸಿಕೊಳ್ಳುತ್ತೇವೆ. ನಾನು ಕಂಡದ್ದು ಹೆಚ್ಚಾಗಿ ಬಿಡುವುದನ್ನು. ಮೀನು ಓಡಿದರೆ ತಾಂಡೇಲರು ಬಿಡುತ್ತಿದ್ದರು. ನಿಂತರೆ ಎರಡು ಮಾರು ಎಳೆದುಕೊಳ್ಳುತ್ತಿದ್ದರು. ಮತ್ತೆ ಓಡಿದರೆ ಐದು ಮಾರು ಬಿಡುತ್ತಿದ್ದರು. ಮಗ ಹುಟ್ಟು ಹಾಕುತ್ತ ದೋಣಿಯನ್ನು ಮೀನಿನ ಕಡೆಗೇ ತಿರುಗಿಸುತ್ತಿದ್ದ. ಇದರ ಹಿಂದಿನ ಶಾಸ್ತ್ರ ಸರಳವಾದುದು. ವೇಗವಾಗಿ ನುಗ್ಗುವಾಗ ಮೀನು ತನ್ನ ಬಿಳಿಯ ಸ್ನಾಯುಗಳನ್ನು ಬಳಸುತ್ತದೆ. ಆ ಸ್ನಾಯುಗಳು ಉಸಿರಿನ ನೆರವಿಲ್ಲದೆ ದುಡಿಯಬಲ್ಲವು, ಆದರೆ ಸ್ವಲ್ಪ ಹೊತ್ತು ಮಾತ್ರ. ಒಳಗೆ ಆಮ್ಲ ತುಂಬಿಕೊಂಡು ಮೀನು ಬಳಲುತ್ತದೆ. ಸಾಕಷ್ಟು ವಿರಾಮ ಕೊಟ್ಟರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಆದುದರಿಂದ ಮೀನುಗಾರ ಸುಮ್ಮನಿರುವಂತಿಲ್ಲ, ತಡೆಯುವಂತೆಯೂ ಇಲ್ಲ. ಮೀನು ಓಡಲಿ, ಓಡುವುದು ಅದಕ್ಕೆ ಭಾರವಾಗಲಿ, ಅಷ್ಟೆ.

ಹತ್ತೂವರೆಯ ಹೊತ್ತಿಗೆ ತಾಂಡೇಲರ ಬೆರಳ ಸಂದಿಯಲ್ಲಿ ಹುರಿ ಕೊಯ್ದು ರಕ್ತ ಬಂತು. ಮಗ ಹುಟ್ಟನ್ನು ಬಿಡುವಂತಿರಲಿಲ್ಲ. ಅವರು ನನ್ನ ಕಡೆ ನೋಡಿದರು. “ಮಾಸ್ತರೇ, ಸ್ವಲ್ಪ ಹಿಡ್ಕೊಳ್ಳಿ. ಎಳೂದು ಬೇಡ. ಓಡಿದ್ರೆ ಬಿಡಿ.” ಕೈ ತೊಳೆದು ಬಟ್ಟೆ ಕಟ್ಟಿಕೊಳ್ಳಲು ಅವರಿಗೆ ಬೇಕಾಗಿದ್ದುದು ಐದು ನಿಮಿಷ.

ಹುರಿ ನನ್ನ ಕೈಗೆ ಬಂದಾಗ ಆದುದನ್ನು ವರ್ಣಿಸುವುದು ಕಷ್ಟ. ತೊಂಬತ್ತು ಮಾರು ಆಚೆ, ಕಾಣದ ನೀರಿನಲ್ಲಿ, ಒಂದು ಜೀವ ತಲೆಯಾಡಿಸಿದರೆ ಇಲ್ಲಿ ನನ್ನ ಮೊಣಕೈ ಆಡುತ್ತಿತ್ತು. ಒಂದೆರಡು ನಿಮಿಷ ಎಲ್ಲವೂ ಸರಿಯಾಗಿತ್ತು. ಆಮೇಲೆ ಮೀನು ಓಡಿತು. ಹುರಿ ಅಂಗೈಯನ್ನು ಸುಡುತ್ತ ಹೊರಟಿತು. ಬಿಡಬೇಕಾಗಿತ್ತು. ಬಿಟ್ಟರೆ ಎಲ್ಲವೂ ಹೋಗಿಬಿಡುವುದೆಂಬ ಭಯ ಒಂದು ಕಡೆ. ಇದನ್ನು ನಿಲ್ಲಿಸಿದವನು ನಾನು ಎನ್ನಿಸಿಕೊಳ್ಳುವ ಹಂಬಲ ಇನ್ನೊಂದು ಕಡೆ. ಯಾವುದು ಹೆಚ್ಚಾಗಿತ್ತೆಂದು ಇಂದಿಗೂ ನಾನು ಪ್ರಾಮಾಣಿಕವಾಗಿ ಹೇಳಲಾರೆ. ದೋಣಿಯ ಅಡ್ಡಮರಕ್ಕೆ ಹುರಿಯನ್ನು ಗಬಕ್ಕನೆ ಒಂದು ಸುತ್ತು ಸುತ್ತಿದೆ. ದೋಣಿ ಒಮ್ಮೆ ತಲೆಬಾಗಿತು. ಟಪ್ಪೆಂದು ಸದ್ದಾಯಿತು. ಅಷ್ಟೆ.

ಶ್ರೋತೃಗಳು ನಗಬಹುದು. ಸ್ಯಾಂಟಿಯಾಗೊ ತನ್ನ ಹಗ್ಗವನ್ನು ದೋಣಿಗೆ ಕಟ್ಟುವುದೇ ಇಲ್ಲ. ಕಟ್ಟಿದರೆ ಮೀನು ಹರಿದುಕೊಂಡು ಹೋದೀತೆಂದು ತನ್ನ ಬೆನ್ನ ಮೇಲೆಯೇ ಹೊತ್ತುಕೊಂಡು, ಬೇಕೆಂದಾಗ ಬಿಡಲು ಸಿದ್ಧನಾಗಿ ಕೂಡುತ್ತಾನೆ. ಕಾದಂಬರಿಯ ಆ ಭಾಗವನ್ನು ಹಿಂದಿನ ತಿಂಗಳಷ್ಟೇ ನಾನು ಸಭೆಗೆ ವಿವರಿಸಿದ್ದೆ. ಓದಿದ್ದೆ, ಮೆಚ್ಚಿದ್ದೆ, ಬೋಧಿಸಿದ್ದೆ. ಅದು ಕೈಗೆ ಮಾತ್ರ ಇಳಿದಿರಲಿಲ್ಲ.

ತಾಂಡೇಲರು ತಿರುಗಿ ನೋಡಿದರು. “ಹುರಿ ತಾನೇ ತುಂಡಾಯ್ತು,” ಎಂದೆ. ಇದೇ ನಾನು ಇಲ್ಲಿಯವರೆಗೆ ಎಲ್ಲೂ ಹೇಳದೆ ಉಳಿಸಿಕೊಂಡ ಮಾತು. ಅವರು ಅಡ್ಡಮರದ ಬಳಿ ಉಳಿದಿದ್ದ ಗಿಡ್ಡ ತುದಿಯನ್ನು ಎತ್ತಿ ಬೆರಳಲ್ಲಿ ಸವರಿ ನೋಡಿದರು. ಹುರಿ ಎಲ್ಲಿ ತುಂಡಾಯಿತು, ಏಕೆ ತುಂಡಾಯಿತು ಎಂಬುದು ನಾಲ್ಕು ದಶಕ ಹುರಿ ಹಿಡಿದವರಿಗೆ ತಿಳಿಯದೆ? ಅವರು ಏನೂ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ, “ತೊಂಬತ್ತು ಮಾರು ಹೋಯ್ತು,” ಎಂದರು. ಮೀನಿನ ಮಾತೇ ಬರಲಿಲ್ಲ. ಮಗ ಹುಟ್ಟಿನ ಮೇಲೆ ತಲೆಯಿಟ್ಟು ಕುಳಿತಿದ್ದ.

ಮಧ್ಯಾಹ್ನದ ಗಾಳಿ ಬಂದು ಹಾಯಿ ತುಂಬಿತು. ಮೌನವನ್ನು ತಾಳಲಾರದೆ ನಾನು ತಾಂಡೇಲರಿಗೆ ಕ್ಯೂಬಾದ ಮುದುಕನ ಕಥೆಯನ್ನು ಹೇಳತೊಡಗಿದೆ. ಸಮಾಧಾನವಾದೀತೆಂದು ಭಾವಿಸಿದ್ದೆ. ಅವರು ಗಮನವಿಟ್ಟು ಕೇಳಿದರು. ಶಾರ್ಕುಗಳು ಬಂದಾಗ “ಛೆ” ಎಂದರು. ಕಥೆ ಮುಗಿದ ಮೇಲೆ ಎರಡು ಪ್ರಶ್ನೆ ಕೇಳಿದರು. “ಆ ಮುದುಕಂಗೆ ಸಾಲ ಎಷ್ಟಿತ್ತು, ಮಾಸ್ತರೇ?” ಆಮೇಲೆ, “ಮತ್ತೆ ಕಡಲಿಗೆ ಹೋದ್ನಾ?”

ನನಗೆ ಉತ್ತರ ತಿಳಿಯಲಿಲ್ಲ. ಕಾದಂಬರಿಯ ಕೊನೆಯಲ್ಲಿ ಮುದುಕ ನಿದ್ರಿಸುತ್ತಾನೆ. ಸಿಂಹಗಳ ಕನಸು ಕಾಣುತ್ತಾನೆ. ಆ ಸಿಂಹಗಳ ಅರ್ಥವೇನೆಂದು ಅರ್ಧ ಗಂಟೆ ಮಾತನಾಡಬಲ್ಲ ನಾನು, ಮುದುಕನ ಸಾಲವೆಷ್ಟೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮಿತ್ರರೆ, ಆ ಪ್ರಶ್ನೆ ನನ್ನನ್ನು ಹಿಂಬಾಲಿಸಿತು. ಹಲವು ವರ್ಷಗಳ ಮೇಲೆ ಹೆಮಿಂಗ್ವೆಯ ಇತರ ಬರಹಗಳನ್ನು ಓದುತ್ತಿದ್ದಾಗ, 1936ರ ಏಪ್ರಿಲ್‌ನಲ್ಲಿ ಆತ ‘ಎಸ್ಕ್ವೈರ್’ ಪತ್ರಿಕೆಗೆ ಬರೆದ ಲೇಖನವೊಂದು ಕಣ್ಣಿಗೆ ಬಿತ್ತು. ಕಾದಂಬರಿಯ ಬೀಜ ಅದರಲ್ಲಿದೆ. ಕ್ಯೂಬಾದ ಒಬ್ಬ ಮುದುಕ ಒಂಟಿಯಾಗಿ ದೊಡ್ಡ ಮಾರ್ಲಿನ್ ಮೀನನ್ನು ಹಿಡಿಯುತ್ತಾನೆ. ಅದು ದೋಣಿಯನ್ನು ದೂರದ ಕಡಲಿಗೆ ಎಳೆದೊಯ್ಯುತ್ತದೆ. ಎರಡು ದಿನಗಳ ಮೇಲೆ ಬೇರೆ ಮೀನುಗಾರರು ಅವನನ್ನು 60 ಮೈಲಿ ದೂರದಲ್ಲಿ ಕಂಡು ಕರೆತರುತ್ತಾರೆ. ಶಾರ್ಕುಗಳು ತಿಂದು ಉಳಿದ ಭಾಗವೇ 800 ಪೌಂಡು, ಅಂದರೆ 360 ಕಿಲೋಗ್ರಾಂಗೂ ಮಿಗಿಲು. ಆ ಮುದುಕ ದೋಣಿಯಲ್ಲಿ ಕುಳಿತು ಅಳುತ್ತಿದ್ದನಂತೆ. ಹೋದುದನ್ನು ನೆನೆದು ಅರೆಹುಚ್ಚನಂತಾಗಿದ್ದನಂತೆ.

1952ರಲ್ಲಿ ಕಾದಂಬರಿ ಪ್ರಕಟವಾಯಿತು. 1953ರಲ್ಲಿ ಪುಲಿಟ್ಜರ್ ಪ್ರಶಸ್ತಿ, 1954ರಲ್ಲಿ ನೊಬೆಲ್ ಪ್ರಶಸ್ತಿ. ಆದರೆ ಕಾದಂಬರಿಯ ಸ್ಯಾಂಟಿಯಾಗೊ ದೋಣಿಯಲ್ಲಿ ಹಾಗೆ ಅಳುವುದಿಲ್ಲ. ದಡಕ್ಕೆ ಬಂದು ಮಲಗಿದ ಅವನ ಕೈಗಳ ಗಾಯವನ್ನು ನೋಡಿ ಅಳುವವನು ಹುಡುಗ ಮನೋಲಿನ್. ನಿಜ ಜೀವನದ ಮುದುಕನ ಕಣ್ಣೀರನ್ನು ಲೇಖಕ ಹುಡುಗನ ಕಣ್ಣಿಗೆ ವರ್ಗಾಯಿಸಿದ. ಕಲೆಯ ದೃಷ್ಟಿಯಿಂದ ಅದು ಸರಿಯಾದುದೇ. ಮುದುಕನ ಘನತೆ ಅದರಿಂದ ಹೆಚ್ಚಿತು. ಆದರೆ ಸೋಲಿನಲ್ಲಿಯೂ ಗೆಲುವಿದೆ ಎಂದು ನಾವು ಓದುಗರು ಸುಲಭವಾಗಿ ಹೇಳಲು ಸಾಧ್ಯವಾದದ್ದೂ ಆ ವರ್ಗಾವಣೆಯಿಂದಲೇ. ತಾಂಡೇಲರ ಪ್ರಶ್ನೆ, ಕಾದಂಬರಿಯನ್ನು ಓದದೆಯೇ, ಆ ಮೊದಲಿನ ಕಣ್ಣೀರನ್ನು ಮುಟ್ಟಿತ್ತು.

ಮೀನು ಹಿಡಿಯುವುದನ್ನು ಆಟವಾಗಿ ಮಾಡಿಕೊಂಡವರ ಲೋಕವೂ ಒಂದಿದೆ. 1939ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕ್ರೀಡಾಮೀನುಗಾರಿಕೆಯ ಸಂಘದ ನಿಯಮದಂತೆ, ದಾಖಲೆಯಾಗಬೇಕಾದರೆ ಗಾಳದ ಕೋಲನ್ನು ಹಿಡಿದವನ ಹೊರತು ಹೋರಾಟದ ನಡುವೆ ಬೇರೆ ಯಾರೂ ಅದನ್ನು ಮುಟ್ಟಕೂಡದು. ಪೆರು ದೇಶದ ಕಾಬೊ ಬ್ಲಾಂಕೊ ಬಳಿ 1953ರ ಆಗಸ್ಟ್ 4ರಂದು ಆಲ್ಫ್ರೆಡ್ ಗ್ಲಾಸೆಲ್ ಎಂಬಾತ 1560 ಪೌಂಡಿನ ಮಾರ್ಲಿನ್ ಹಿಡಿದ. ಹೆಮಿಂಗ್ವೆಯ ಕಾದಂಬರಿ 1958ರಲ್ಲಿ ಚಲನಚಿತ್ರವಾದಾಗ ಆ ಮೀನಿನ ದೃಶ್ಯಗಳನ್ನೇ ಬಳಸಿಕೊಂಡರು. ನ್ಯೂಜಿಲೆಂಡಿನಲ್ಲಿ 1968ರ ಜನವರಿಯಲ್ಲಿ ಡೊನಾಲ್ ಹೀಟ್ಲಿ ಎಂಬಾತ 32 ಗಂಟೆಗೂ ಮಿಕ್ಕಿ ಒಂದು ಮೀನಿನೊಡನೆ ಸೆಣಸಿದ. ಅದು ಹನ್ನೆರಡು ಟನ್ನಿನ ದೋಣಿಯನ್ನು 50 ಮೈಲಿ ಎಳೆದು, ಕೊನೆಗೆ ಹುರಿ ಹರಿದುಕೊಂಡು ಹೋಯಿತು. ಇವೆಲ್ಲ ದೊಡ್ಡ ಸಾಹಸಗಳೇ. ಆದರೆ ನಮ್ಮ ತಾಂಡೇಲರ ದೋಣಿಯ ನಿಯಮ ಇದಕ್ಕೆ ತದ್ವಿರುದ್ಧ. ಅಲ್ಲಿ ಹುರಿ ಕೈಯಿಂದ ಕೈಗೆ ಹೋಗುತ್ತದೆ. ಒಬ್ಬನ ಕೈ ಕೊಯ್ದರೆ ಇನ್ನೊಬ್ಬ ಹಿಡಿಯಬೇಕು. ಯಾರ ಮೀನು ಎಂಬ ಪ್ರಶ್ನೆಯೇ ಅಲ್ಲಿಲ್ಲ, ಮನೆಗೆ ಬಂತೇ ಎಂಬುದಷ್ಟೇ. ಆ ನಂಬಿಕೆಯಿಂದಲೇ ಅವರು ಅದನ್ನು ನನ್ನ ಕೈಗೆ ಕೊಟ್ಟಿದ್ದರು.

ಆ ವಾರವೇ ಸಂಬಳದ ಹಣದಲ್ಲಿ ಸ್ವಲ್ಪ ಭಾಗವನ್ನು ತೆಗೆದುಕೊಂಡು ಅವರ ಮನೆಗೆ ಹೋದೆ. ಎಂಜಿನ್ನಿನ ಸಾಲದ ವಿಷಯ ಗೊತ್ತಾದದ್ದು ಆಗ, ಮನೆಯವರ ಮಾತಿನಿಂದ. ತಾಂಡೇಲರು ತೊಂಬತ್ತು ಮಾರು ಹುರಿಯ ಬೆಲೆಯನ್ನು ಲೆಕ್ಕ ಹಾಕಿ ಅಷ್ಟನ್ನು ಮಾತ್ರ ತೆಗೆದುಕೊಂಡರು. ಉಳಿದುದನ್ನು ಹಿಂದಕ್ಕೆ ಸರಿಸಿ, “ಸಿಗದ ಮೀನಿಗೆ ರೇಟು ಎಲ್ಲಿದು, ಮಾಸ್ತರೇ?” ಎಂದರು. ಹುರಿಯ ಬೆಲೆಯನ್ನು ಅವರು ಮರುಮಾತಿಲ್ಲದೆ ಸ್ವೀಕರಿಸಿದಾಗಲೇ ನನ್ನ ಸುಳ್ಳು ಅವರಿಗೆ ತಿಳಿದಿತ್ತೆಂದು ಖಚಿತವಾಯಿತು. ಆಗಲಾದರೂ ಬಾಯಿಬಿಟ್ಟು ಹೇಳಬಹುದಾಗಿತ್ತು. ಹೇಳಲಿಲ್ಲ. ಅಧ್ಯಾಪಕರ ಕೊಠಡಿಯಲ್ಲಿ ಮಾತ್ರ, ದೊಡ್ಡ ಮೀನೊಂದು ನಮ್ಮ ಹುರಿಯನ್ನು ಹರಿದುಕೊಂಡು ಹೋದ ಕಥೆಯನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ಅವರ ಎರಡನೆಯ ಪ್ರಶ್ನೆಗೆ ಕಾದಂಬರಿಯಲ್ಲಿ ಉತ್ತರವಿಲ್ಲವೆಂದೆನಷ್ಟೆ. ಉತ್ತರವನ್ನು ನಾನು ಕಣ್ಣಾರೆ ಕಂಡಿದ್ದೆ. ಹುರಿ ತುಂಡಾದ ಮರುದಿನ ಬೆಳಗಿನ ಜಾವ ನಿದ್ರೆ ಬಾರದೆ ದಡಕ್ಕೆ ಹೋಗಿದ್ದೆ. ತಾಂಡೇಲರು ಲಾಟೀನಿನ ಬೆಳಕಿನಲ್ಲಿ ಹಳೆಯ ಹುರಿಯ ತುಂಡುಗಳನ್ನು ಒಂದಕ್ಕೊಂದು ಗಂಟು ಹಾಕುತ್ತಿದ್ದರು. ಗಾಯದ ಬೆರಳಿಗೆ ಬಟ್ಟೆ ಸುತ್ತಿತ್ತು. ಪ್ರತಿಯೊಂದು ಗಂಟನ್ನೂ ಹಲ್ಲಿನಿಂದ ಬಿಗಿದು, ಎಳೆದು ನೋಡಿ, ಸುರುಳಿ ಸುತ್ತಿದರು. ನೆಲದ ಗಾಳಿ ಬಿಟ್ಟಿತು. ತಂದೆ ಮಕ್ಕಳು ದೋಣಿಯನ್ನು ನೀರಿಗೆ ನೂಕಿದರು. ಕತ್ತಲಿನಲ್ಲಿ ನಿಂತಿದ್ದ ನನ್ನನ್ನು ಅವರು ಕಾಣಲಿಲ್ಲ.