ಹೊಸ ಅಡುಗೆ, ಹತ್ತಿರದ ಬಾಗಿಲು
(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಇಂದು ನಾವು ಅಡುಗೆಮನೆಯ ಬಗ್ಗೆ ಮಾತನಾಡೋಣ. ಮಿಂಬರಿಗೂ ಅಡುಗೆಮನೆಗೂ ಏನು ಸಂಬಂಧ ಎಂದು ಯಾರಿಗಾದರೂ ಅನಿಸಬಹುದು. ಆದರೆ ಯಾರ ಮನೆಯಲ್ಲಿ ಉಣ್ಣಬಹುದು ಎಂಬ ಮಾತನ್ನೂ ಪವಿತ್ರ ಕುರ್‌ಆನ್ ಬಿಟ್ಟಿಲ್ಲ. ಅನ್ನೂರ್ ಅಧ್ಯಾಯದ 61ನೆಯ ವಚನದಲ್ಲಿ ತಂದೆತಾಯಿಯರ, ಒಡಹುಟ್ಟಿದವರ, ಬಂಧುಗಳ ಮನೆಗಳ ಜೊತೆಗೆ ಸ್ನೇಹಿತರ ಮನೆಯೂ ಸೇರಿದೆ. ಒಟ್ಟಾಗಿ ಉಂಡರೂ ಬೇರೆಬೇರೆಯಾಗಿ ಉಂಡರೂ ದೋಷವಿಲ್ಲ, ಮನೆಯೊಳಗೆ ಹೋಗುವಾಗ ಸಲಾಮ್ ಹೇಳಿರಿ ಎಂದು ಅದು ಕಲಿಸುತ್ತದೆ. ಆ ವಚನ ಆರಂಭವಾಗುವುದು ಯಾರಿಂದ ಎಂಬುದನ್ನು ಗಮನಿಸಿ. ಕುರುಡರಿಂದ, ಕುಂಟರಿಂದ, ರೋಗಿಗಳಿಂದ. ಊಟದ ಮಾತು ಬಂದಾಗ ಅಲ್ಲಾಹನು ಮೊದಲು ನೆನಪಿಸಿದ್ದು ಅವರನ್ನು.

ಕಡೂರು, ತರೀಕೆರೆ, ಅಜ್ಜಂಪುರದ ನಮ್ಮ ಮನೆಗಳಲ್ಲಿ ಈಗ ಹೊಸ ಅಡುಗೆಯ ಉತ್ಸಾಹವಿದೆ. ರಾಗಿಮುದ್ದೆ, ಅಕ್ಕಿರೊಟ್ಟಿ, ಕುಷ್ಕ, ದಾಲ್ಚಾ ಮಾಡುತ್ತಿದ್ದ ಒಲೆಯ ಮೇಲೆ ಮೊಬೈಲ್ ನೋಡಿ ಕಲಿತ ಮಂದಿ, ಮಕ್ಲೂಬ ಬೇಯುತ್ತಿವೆ. ಮಂಗಳೂರಿನ ಕಡೆಯಿಂದ ಬಂದ ಸೊಸೆ ಪತ್ತಿರ್ ಕಲಿಸುತ್ತಾಳೆ, ಭಟ್ಕಳದ ಸಂಬಂಧವಿರುವ ಮನೆಯಲ್ಲಿ ಶ್ಯಾವಿಗೆ ಬಿರಿಯಾನಿ ಆಗುತ್ತದೆ. ಇದು ಸಂತೋಷದ ವಿಷಯ. ಹೊಸ ರುಚಿ ಮನೆಗೆ ಬಂದರೆ ಹಿರಿಯರು ಮುಖ ಗಂಟಿಕ್ಕಬೇಕಾಗಿಲ್ಲ.

ನಾವು ಹಳೆಯದು ಎಂದುಕೊಂಡಿರುವುದೂ ಒಂದು ಕಾಲದಲ್ಲಿ ಹೊಸದೇ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಅಮೆರಿಕ ಖಂಡದಿಂದ ಯುರೋಪಿನವರ ಹಡಗುಗಳಲ್ಲಿ ಬಂದವು. ಅವಿಲ್ಲದೆ ನಮ್ಮ ಸಾಲನ್ ಇಂದು ಊಹಿಸಲಾಗದು. ನಮ್ಮದೇ ಜಿಲ್ಲೆಯ ಬೆಟ್ಟವನ್ನು ನೋಡಿ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯಮನಿನ ಮೋಖಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ಬಿತ್ತಿದರೆಂದು ಪ್ರತೀತಿ. ಆ ಏಳು ಬೀಜಗಳು ಒಂದೇ ಮನೆಯ ಡಬ್ಬಿಯಲ್ಲಿ ಉಳಿದಿದ್ದರೆ ಏನಾಗುತ್ತಿತ್ತು? ಇಂದು ಜಾತಿ, ಧರ್ಮ ಕೇಳದೆ ಎಲ್ಲರ ಮನೆಯಲ್ಲೂ ಬಂದವರಿಗೆ ಮೊದಲು ಕೊಡುವುದು ಕಾಫಿಯನ್ನೇ. ಹಂಚಿದ್ದರಿಂದಲೇ ಆ ರುಚಿ ಊರಿನದಾಯಿತು.

ಸಹೋದರರೇ, ನಮ್ಮ ಚಿಂತೆ ಇರುವುದು ಇಲ್ಲಿ. ಹೊಸ ಅಡುಗೆ ಹೆಚ್ಚಾಗಿದೆ, ಆದರೆ ಬೀದಿಯಲ್ಲಿ ತಟ್ಟೆಗಳ ಓಡಾಟ ಕಡಿಮೆಯಾಗಿದೆ. ಮೊದಲೆಲ್ಲ ಮಗುವಿನ ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ ಪಕ್ಕದ ಮನೆಗೆ ಹೋಗುತ್ತಿತ್ತು. ಆ ತಟ್ಟೆ ಖಾಲಿ ಹಿಂದಿರುಗುತ್ತಿರಲಿಲ್ಲ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಬರುತ್ತಿತ್ತು. ಈಗ ಪಕ್ಕದ ಮನೆಗೆ ಮೊದಲು ತಲುಪುವುದು ಅಡುಗೆಯ ಫೋಟೊ. ಗೋಡೆಯಾಚೆ ಪರಿಮಳ ಹೋಗುತ್ತದೆ, ಮೊಬೈಲಿಗೆ ಚಿತ್ರ ಹೋಗುತ್ತದೆ, ತಟ್ಟೆ ಮಾತ್ರ ಹೋಗುವುದಿಲ್ಲ. ಈರುಳ್ಳಿಯ ದರ ಕುಸಿದ ವರ್ಷ ಬೆಳೆದವನ ಮನೆಯ ಒಲೆ ಹೇಗೆ ಉರಿಯುತ್ತದೆಂದು ಅಜ್ಜಂಪುರದ ಕಡೆಯವರಿಗೆ ಹೇಳಬೇಕಾಗಿಲ್ಲ. ಅಂತಹ ಮನೆಯ ಮಗು ಆ ಚಿತ್ರವನ್ನು ನೋಡಿದರೆ ಅದರ ಮನಸ್ಸಿಗೆ ಏನಾಗಬಹುದು?

ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರನ್ನು ನೆನಪಿಟ್ಟುಕೊಳ್ಳಬೇಕೆಂದು ಪ್ರವಾದಿ(ಸ)ರು ಹಝ್ರತ್ ಅಬೂದರ್(ರ)ರಿಗೆ ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮಾಂಸ ಹೆಚ್ಚಿಸಬೇಕೆಂದು ಅವರು ಹೇಳಲಿಲ್ಲ. ನೀರು ಹೆಚ್ಚಿಸಲು ಯಾವ ಬಡವನಿಗೆ ಕಷ್ಟ? ಇಬ್ಬರು ನೆರೆಯವರಿದ್ದರೆ ಯಾರಿಗೆ ಕೊಡಲಿ ಎಂದು ಹಝ್ರತ್ ಆಯಿಶಾ(ರ) ಕೇಳಿದಾಗ, ಯಾರ ಬಾಗಿಲು ಹತ್ತಿರವೋ ಅವರಿಗೆ ಎಂಬ ಉತ್ತರ ಬಂತು. ಪಕ್ಕದ ಮನೆಯಾಕೆ ಕಳಿಸಿದ್ದು ಆಡಿನ ಗೊರಸೇ ಆಗಿದ್ದರೂ ತುಚ್ಛವೆಂದು ಭಾವಿಸಬಾರದೆಂದು ಮಹಿಳೆಯರಿಗೆ ಅವರು ಬೋಧಿಸಿದರು. ಕೊಡುವವರಿಗೆ ಸಂಕೋಚ ಬೇಡ, ಪಡೆಯುವವರಿಗೆ ತಾತ್ಸಾರ ಬೇಡ.

ನೆರೆಯವರೆಂದರೆ ಮುಸ್ಲಿಮರು ಮಾತ್ರವೇ? ಹಝ್ರತ್ ಅಬ್ದುಲ್ಲಾ ಬಿನ್ ಅಮ್ರ್(ರ)ರ ಮನೆಯಲ್ಲಿ ಆಡು ಕೊಯ್ದಾಗ, ನಮ್ಮ ಯಹೂದಿ ನೆರೆಯವನಿಗೆ ಕಳಿಸಿದಿರಾ ಎಂದು ಅವರು ಮತ್ತೆ ಮತ್ತೆ ವಿಚಾರಿಸಿದರು. ನಮ್ಮ ಬೀದಿಗಳಲ್ಲಿ ಮಾಂಸ ಮುಟ್ಟದ ನೆರೆಯವರು ಅನೇಕರಿದ್ದಾರೆ. ಅವರಿಗೆ ಬಿರಿಯಾನಿಯ ಪಾಲು ಉಡುಗೊರೆಯಾಗದು. ಬೇರೆ ಪಾತ್ರೆಯಲ್ಲಿ ಮಾಡಿದ ಶೀರ್ ಖುರ್ಮಾ ಕಳಿಸೋಣ. ಬೇಯಿಸಿದ್ದು ಬೇಡವೆಂದರೆ ಬೇಸರಪಡದೆ ಬಾಳೆಹಣ್ಣು, ತೆಂಗಿನಕಾಯಿ ಕೊಡೋಣ. ಸುದ್ದಿಗಳು ಮನಸ್ಸನ್ನು ಒಡೆಯುವ ಈ ಕಾಲದಲ್ಲಿ, ಪರಸ್ಪರ ಹೆಸರೂ ಗೊತ್ತಿಲ್ಲದ ಎರಡು ಮನೆಗಳನ್ನು ಮಾತಿಗೆ ತರುವ ಶಕ್ತಿ ಒಂದು ತಟ್ಟೆಗಿದೆ. ಭಾಷಣದಿಂದ ಆಗದ್ದು ಅದರಿಂದ ಆಗಬಹುದು.

ಹೊಸ ಅಡುಗೆ ಮಾಡುವವರಿಗೆ ಒಂದು ಎಚ್ಚರಿಕೆಯೂ ಇದೆ. ವಿಡಿಯೊದಲ್ಲಿ ತೋರಿಸಿದ ಎಲ್ಲವೂ ಹಲಾಲ್ ಅಲ್ಲ. ಕೆಲವು ಕೇಕ್, ಸಾಸ್‌ಗಳಿಗೆ ರಮ್, ವೈನ್ ಬಳಸುತ್ತಾರೆ. ಜೆಲಾಟಿನ್ ಯಾವ ಪ್ರಾಣಿಯದೆಂದು ನೋಡಬೇಕು. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರ ಎಂದಷ್ಟೇ ತಿಳಿಸುತ್ತದೆ, ಮದ್ಯದ ಬಗ್ಗೆ ಏನೂ ಹೇಳುವುದಿಲ್ಲ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸವನ್ನು ನಮ್ಮ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಬೆಳೆಸಿಕೊಳ್ಳಬೇಕು.

ಅತಿಥಿಗೂ ಆತಿಥೇಯನಿಗೂ ಪ್ರವಾದಿ(ಸ)ರ ಜೀವನದಲ್ಲಿ ಮಾದರಿಯಿದೆ. ಹಝ್ರತ್ ಮೈಮೂನಾ(ರ)ರ ಮನೆಯಲ್ಲಿ ಮರುಭೂಮಿಯ ಉಡದಂತಹ ಒಂದು ಪ್ರಾಣಿಯ ಸುಟ್ಟ ಮಾಂಸವನ್ನು ಮುಂದಿಟ್ಟಾಗ, ಅದು ಏನೆಂದು ಅಲ್ಲಿದ್ದ ಮಹಿಳೆಯರು ಪ್ರವಾದಿ(ಸ)ರಿಗೆ ತಿಳಿಸಿದರು. ಅವರು ಕೈ ಹಿಂದೆಗೆದರು. ತನ್ನ ಜನರ ನಾಡಿನಲ್ಲಿ ಅದು ಇಲ್ಲದ ಕಾರಣ ತನಗೆ ರುಚಿಸದು ಎಂದಷ್ಟೇ ಹೇಳಿದರು. ಖಾಲಿದ್ ಬಿನ್ ವಲೀದ್(ರ) ಅವರೆದುರೇ ಅದನ್ನು ತಿಂದರು. ಆ ಪ್ರಾಣಿಯ ಕುರಿತಾದ ಫಿಕ್‌ಹ್ ಚರ್ಚೆ ಬೇರೆ. ಇಲ್ಲಿ ನಮಗೆ ಬೇಕಾದದ್ದು ಶಿಷ್ಟಾಚಾರ. ಅಡುಗೆಯಲ್ಲಿ ಏನಿದೆ ಎಂದು ಅತಿಥಿಗೆ ಮೊದಲೇ ತಿಳಿಸಬೇಕು. ಬೇಡವೆಂದವರನ್ನು ಒತ್ತಾಯಿಸಬಾರದು, ತಿನ್ನುವವರನ್ನು ಹೀಯಾಳಿಸಬಾರದು. ಇನ್ನೊಮ್ಮೆ ಒಬ್ಬ ದರ್ಜಿ ಪ್ರವಾದಿ(ಸ)ರನ್ನು ಊಟಕ್ಕೆ ಕರೆದರು. ಬಾರ್ಲಿ ರೊಟ್ಟಿ, ಸೋರೆಕಾಯಿ ಮತ್ತು ಒಣಮಾಂಸದ ಸಾರು, ಇಷ್ಟೇ. ಪ್ರವಾದಿ(ಸ)ರು ಸೋರೆಕಾಯಿಯ ಹೋಳುಗಳನ್ನು ಹುಡುಕಿ ತಿನ್ನುವುದನ್ನು ಕಂಡ ಹಝ್ರತ್ ಅನಸ್(ರ)ರಿಗೆ ಅಂದಿನಿಂದ ಸೋರೆಕಾಯಿ ಪ್ರಿಯವಾಯಿತು. ಬಡ ದರ್ಜಿಯ ಸಾರೂ ಒಬ್ಬರ ರುಚಿಯನ್ನು ಜೀವನವಿಡೀ ಬದಲಿಸಿತು. ಆದ್ದರಿಂದ ಸ್ನೇಹಿತರನ್ನು ಕರೆಯಲು ಸಾಲ ಬೇಡ, ಹತ್ತು ಬಗೆ ಬೇಡ. ಇಬ್ಬರ ಊಟ ಮೂವರಿಗೆ ಸಾಕಾಗುತ್ತದೆ ಎಂಬ ಪ್ರವಾದಿ(ಸ)ರ ಮಾತಿನಲ್ಲಿ ನಂಬಿಕೆಯಿಡೋಣ.

ಗಂಡಸರಿಗೆ ಒಂದು ಮಾತು. ಪ್ರವಾದಿ(ಸ)ರು ಎಂದೂ ಊಟಕ್ಕೆ ಕೊಂಕು ಹೇಳಲಿಲ್ಲ. ಇಷ್ಟವಾದರೆ ತಿಂದರು, ಇಲ್ಲದಿದ್ದರೆ ಬಿಟ್ಟರು. ಮನೆಯಾಕೆ ಮೂರು ತಾಸು ಒಲೆಯ ಮುಂದೆ ನಿಂತು ಮೊದಲ ಬಾರಿ ಮಾಡಿದ ಅಡುಗೆಯನ್ನು ಗೆಳೆಯರ ಮುಂದೆ ಉಪ್ಪು ಕಡಿಮೆ ಎಂದು ಹಳಿಯುವುದು ಸುನ್ನತ್ ಅಲ್ಲ. ಪ್ರವಾದಿ(ಸ)ರು ಮನೆಯಲ್ಲಿ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಗೆಳೆಯರನ್ನು ಕರೆದವನು ಈರುಳ್ಳಿ ಹೆಚ್ಚಿಕೊಡಲಿ, ತಟ್ಟೆ ತೊಳೆಯಲಿ. ಅತಿಥಿಗಳೂ ಅಲ್‌ಅಹ್‌ಝಾಬ್ ಅಧ್ಯಾಯದ 53ನೆಯ ವಚನ ಕಲಿಸಿದಂತೆ, ಉಂಡ ಬಳಿಕ ಮಾತಿಗೆ ಕುಳಿತು ಮನೆಯವರನ್ನು ಕಷ್ಟಕ್ಕೆ ತಳ್ಳದಿರಲಿ.

ಕೊನೆಯದಾಗಿ, ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾದ ಊಟವನ್ನು ಅತ್ಯಂತ ಕೆಟ್ಟ ಊಟವೆಂದು ಹದೀಸ್ ಹೇಳಿದೆ. ಸ್ನೇಹಕೂಟಕ್ಕೂ ಇದು ಪಾಠ. ನಮ್ಮ ದಸ್ತರ್‌ಖಾನ್‌ನ ಸುತ್ತ ಪ್ರತಿಬಾರಿ ನಮ್ಮಷ್ಟೇ ಇರುವವರು ಮಾತ್ರ ಕೂರುತ್ತಿದ್ದಾರೆಯೇ? ಅಡಿಕೆ ಕೊಯ್ಲಿಗೆ ದೂರದಿಂದ ಬಂದ ಕೂಲಿಯವರು, ಒಂಟಿಯಾಗಿರುವ ವಿಧವೆ, ಬಾಡಿಗೆ ಕೋಣೆಯ ವಿದ್ಯಾರ್ಥಿ, ಹಾಸಿಗೆ ಹಿಡಿದ ನೆರೆಯ ಹಿರಿಯರು, ಇವರಲ್ಲಿ ಒಬ್ಬರಾದರೂ ಅಲ್ಲಿರಲಿ. ಬರಲಾಗದವರಿಗೆ ತಟ್ಟೆ ಹೋಗಲಿ. ಮುಂದಿನ ಜುಮಾದೊಳಗೆ ಪ್ರತಿ ಮನೆಯಿಂದ ಒಂದು ತಟ್ಟೆ ಹತ್ತಿರದ ಬಾಗಿಲಿಗೆ ಹೋಗಲೆಂದು ನಾವು ಸಂಕಲ್ಪ ಮಾಡೋಣ. ಫೋಟೊ ತೆಗೆಯುವುದಿದ್ದರೆ ತಟ್ಟೆ ತಲುಪಿದ ಬಳಿಕ ತೆಗೆಯೋಣ. ತೆಗೆಯದಿದ್ದರೆ ಇನ್ನೂ ಒಳ್ಳೆಯದು.

ಅಲ್ಲಾಹನು ನಮ್ಮ ಆಹಾರದಲ್ಲಿ ಬರ್ಕತ್ ನೀಡಲಿ, ಅಡುಗೆ ಮಾಡುವ ಕೈಗಳಿಗೆ ಆರೋಗ್ಯ ಕರುಣಿಸಲಿ, ಹಸಿದವರನ್ನು ನೆನೆಯುವ ಹೃದಯವನ್ನು ನಮಗೆ ದಯಪಾಲಿಸಲಿ. ಆಮೀನ್.