ಅಳಿಸಿದ್ದು, ಉಳಿಸಿದ್ದು

1916ರಲ್ಲಿ, ನಿಜಾಮರ ಕಾಲದಲ್ಲಿ ಕಟ್ಟಿದ ನಮ್ಮ ಕಾಚಿಗೂಡ ರೈಲು ನಿಲ್ದಾಣದ ಫೋಟೋ ಒಂದನ್ನು ಮೊಬೈಲಿನಲ್ಲಿ ತೆಗೆದಿದ್ದೆ. ಗುಮ್ಮಟಗಳು ಚೆನ್ನಾಗಿ ಬಂದಿದ್ದವು. ಆಕಾಶ ಮಾತ್ರ ಮಂಕು, ಅಡ್ಡಕ್ಕೆ ತಂತಿಗಳು.

ರಾತ್ರಿ ಲ್ಯಾಪ್‌ಟಾಪ್ ತೆರೆದು ಮೂಲ ಚಿತ್ರದ ಮೇಲೆ ಲೇಯರ್ ಹಾಕಿದೆ. ಲೇಯರ್ ಅಂದರೆ ಚಿತ್ರದ ಮೇಲಿಟ್ಟ ಗಾಜಿನ ಹಾಳೆಯಂತೆ. ಅದರಲ್ಲಿ ಏನು ಮಾಡಿದರೂ ಕೆಳಗಿನದು ಕೆಡುವುದಿಲ್ಲ. ಗುಮ್ಮಟಗಳಿಗೆ ತಾಗದಂತೆ ಮಾಸ್ಕ್ ಮಾಡಿ, ಆಕಾಶಕ್ಕಷ್ಟೇ ಸಂಜೆಯ ಕೇಸರಿ ತುಂಬಿದೆ. ಇನ್ನೊಂದು ಲೇಯರಿನಲ್ಲಿ ತಂತಿ ಅಳಿಸಿದೆ. ಮತ್ತೊಂದರಲ್ಲಿ ಆಟೋಗಳನ್ನೂ, ಗಂಟುಮೂಟೆ ಇಟ್ಟುಕೊಂಡು ಕೂತಿದ್ದ ಜನರನ್ನೂ ಅಳಿಸಿದೆ. ಕ್ಯಾಲೆಂಡರ್ ಚಿತ್ರದ ಹಾಗಾಯಿತು!

ಬೆಳಿಗ್ಗೆ ಅಮ್ಮನಿಗೆ ತೋರಿಸಿದೆ. "ಚೆಂದ ಇದೆ ಕಣೇ. ಜನ ಎಲ್ಲಿ? ಮದುವೆಯಾಗಿ ಬೆಂಗಳೂರಿಂದ ಬಂದು ಇಲ್ಲಿ ಇಳಿದಾಗ ನನಗೆ ಗುಮ್ಮಟ ಕಂಡೇ ಇರಲಿಲ್ಲ. ಜನಜಂಗುಳಿಯಲ್ಲಿ ನಿಮ್ಮಪ್ಪನ ಅಂಗಿ ಹಿಡಿದು ನಡೆದಿದ್ದೆ" ಅಂದಳು.

ಕೊನೆಯ ಲೇಯರ್ ಆಫ್ ಮಾಡಿದೆ. ಜನರೆಲ್ಲ ಮರಳಿ ಬಂದರು. ಕೇಸರಿ ಆಕಾಶ ಹಾಗೇ ಇದೆ.

ಗೆಳತಿಯರೇ, ಧೈರ್ಯವಾಗಿ ಎಡಿಟ್ ಮಾಡಿ. ಮೂಲ ಫೋಟೋ ಮಾತ್ರ ಜೋಪಾನವಾಗಿಡಿ. ಹಂಚುವಾಗ "ಬಣ್ಣ ನನ್ನದು" ಎಂದು ಒಂದು ಮಾತು ಬರೆಯಿರಿ. ಅಳಿಸುವ ಮುಂಚೆ ಮನೆಯ ಹಿರಿಯರನ್ನೊಮ್ಮೆ ಕೇಳಿ.