ಮೈಕು, ಪರದೆ ಕೂಡಿಸುವ ಕಸುಬಿಗೆ ಯಾವ ಪ್ರಮಾಣಪತ್ರ?

(ಸಿದ್ದರಬೆಟ್ಟದ ತಪ್ಪಲಿನ ರೈತರ ಕೂಟದಲ್ಲಿ ಮಾಡಿದ ಭಾಷಣ)



ಜಾತ್ರೆಯಲ್ಲಿ ಮೈಕ್ ಸೆಟ್ಟಿನವನ ಹಿಂದೆಯೇ ತಿರುಗುವ ಹುಡುಗ ನಿಮ್ಮ ಮನೆಯಲ್ಲೂ ಇದ್ದಾನು. ಅವನನ್ನು ಗದರಿಸಬೇಡಿರಿ. ಶಾಲೆಯ ಸ್ಮಾರ್ಟ್ ತರಗತಿ, ಕಲ್ಯಾಣಮಂಟಪ, ಬೆಂಗಳೂರಿನ ಕಚೇರಿಗಳ ಸಭಾಕೊಠಡಿ, ಇವಕ್ಕೆಲ್ಲ ಪರದೆ, ಪ್ರೊಜೆಕ್ಟರ್, ಧ್ವನಿವರ್ಧಕ ಕೂಡಿಸಬಲ್ಲ ಕೈ ಬೇಕು. ಅದು ಒಂದು ಕಸುಬೇ ಆಗಿದೆ. ಆದರೆ ಯಾವ ಪ್ರಮಾಣಪತ್ರಕ್ಕೆ ಹಣ ಹಾಕಬೇಕು ಎಂಬಲ್ಲಿ ನಮ್ಮವರು ಎಡವುತ್ತಾರೆ.

ನಾನು ಬಲ್ಲ ರೈತರೊಬ್ಬರು ಕಡಲೆಕಾಯಿ ಮಾರಿದ ಹಣವನ್ನು ಮಗನ ಮೂರು ತಿಂಗಳ ಖಾಸಗಿ ತರಬೇತಿಗೆ ಕಟ್ಟಿದರು. ಹುಡುಗ ಬಣ್ಣದ ಕಾಗದ ತಂದ. ಅರ್ಥಿಂಗ್ ಎಂದರೇನೆಂದು ಅವನಿಗೆ ಗೊತ್ತಿರಲಿಲ್ಲ. ಇದು ನಗುವ ಮಾತಲ್ಲ. ಕೆಟ್ಟ ತಂತಿಯ ಕರೆಂಟು ಆಂಪ್ಲಿಫೈಯರಿನ ಪೆಟ್ಟಿಗೆಗೆ ತಗುಲಿ, ಅರ್ಥಿಂಗ್ ಇಲ್ಲದಿದ್ದರೆ, ಮೈಕು ಹಿಡಿದವನ ಪ್ರಾಣವೇ ಹೋಗಬಹುದು.

ಆದ್ದರಿಂದ ಮೊದಲು ಐ.ಟಿ.ಐ. ಮಾಡಿಸಿರಿ. ಎಸ್.ಎಸ್.ಎಲ್.ಸಿ. ಪಾಸಾದವರಿಗೆ ಎಲೆಕ್ಟ್ರಿಷಿಯನ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಎರಡೂ ಎರಡೆರಡು ವರ್ಷದ ಪಾಠ. ಕೊನೆಗೆ ದೊರೆಯುವುದು ದೇಶವೆಲ್ಲ ಒಪ್ಪುವ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ. ನನ್ನನ್ನು ಕೇಳಿದರೆ ಎಲೆಕ್ಟ್ರಿಷಿಯನ್ ಮೇಲು. ಪರದೆಯ ಕೆಲಸ ಸಿಗದ ದಿನ ಊರಿನ ಪಂಪ್‌ಸೆಟ್ಟಾದರೂ ಕೈಬಿಡುವುದಿಲ್ಲ! ಆ ಬಳಿಕ 1961ರ ಅಪ್ರೆಂಟಿಸ್ ಕಾಯಿದೆಯಂತೆ ಭತ್ಯೆ ಪಡೆಯುತ್ತ ಕೆಲಸ ಕಲಿಯಬಹುದು. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಕೊಡುವ ವೈರ್‌ಮನ್ ಪರವಾನಗಿಯನ್ನೂ ಮರೆಯದೆ ಪಡೆಯಲಿ.

ಇನ್ನು ಸಿ.ಟಿ.ಎಸ್. ಎಂಬ ದೊಡ್ಡ ಹೆಸರು. ಇದನ್ನು ಕೊಡುವುದು ಅಮೆರಿಕದ ಅವಿಕ್ಸಾ ಸಂಸ್ಥೆ. 2017ರವರೆಗೆ ಅದರ ಹೆಸರು ಇನ್ಫೋಕಾಮ್ ಎಂದಿತ್ತು. ಮೊದಲು ಸಿ.ಟಿ.ಎಸ್., ಅನಂತರವೇ ಜೋಡಣೆಗಾರರ ಸಿ.ಟಿ.ಎಸ್.-ಐ. ಅಥವಾ ವಿನ್ಯಾಸಗಾರರ ಸಿ.ಟಿ.ಎಸ್.-ಡಿ. ಪರೀಕ್ಷೆ ಕನ್ನಡದಲ್ಲಿಲ್ಲ, ಶುಲ್ಕ ಡಾಲರಿನಲ್ಲಿ, ಮೂರು ವರ್ಷಕ್ಕೊಮ್ಮೆ ನವೀಕರಣ. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಬೆಲೆಯುಂಟು, ನಿಜ. ಆದರೆ ಹೊಸದಾಗಿ ಕಲಿತು ಬಂದ ಹುಡುಗನಿಗೆ ಸಾಲ ಮಾಡಿ ಕೊಡಿಸುವಂಥದ್ದಲ್ಲ. ಕೆಲವು ವರ್ಷ ದುಡಿಯಲಿ. ಆಮೇಲೆ ಶುಲ್ಕ ಭರಿಸುವಿರಾ ಎಂದು ಕಂಪನಿಯನ್ನೇ ಕೇಳಲಿ.

ಅಲ್ಲಿಯವರೆಗೆ ಇಂಗ್ಲಿಷ್ ಓದಬಲ್ಲವನು ಆಸ್ಟ್ರೇಲಿಯದ ಆಡಿನೇಟ್ ಸಂಸ್ಥೆಯ ಡಾಂಟೆ ಪಾಠವನ್ನು ಅಂತರ್ಜಾಲದಲ್ಲಿ ಓದಿಕೊಳ್ಳಲಿ. ಕಂಪ್ಯೂಟರ್ ಜಾಲದ ತಂತಿಯಲ್ಲಿ ಧ್ವನಿ ಸಾಗಿಸುವ ವಿದ್ಯೆ ಅದು. ಪ್ರಮಾಣಪತ್ರಕ್ಕೂ ಕಾಸಿಲ್ಲ.

ಯಾರಾದರೂ ಮನೆಬಾಗಿಲಿಗೆ ಬಂದು ಕೋರ್ಸು ಮಾರಿದರೆ, ಹಣ ಕೊಡುವ ಮುನ್ನ ಅವರ ಕಾಗದವನ್ನು ಹತ್ತಿರದ ಸರ್ಕಾರಿ ಐ.ಟಿ.ಐ.ಗೆ ಒಯ್ದು ಪ್ರಾಂಶುಪಾಲರಿಗೆ ತೋರಿಸಿರಿ. ಹುಡುಗನ ಅಂಕಪಟ್ಟಿಯೂ ಜೊತೆಗಿರಲಿ. ಪ್ರವೇಶದ ವಿಚಾರವನ್ನೂ ಅಲ್ಲೇ ಕೇಳಿಕೊಂಡು ಬರಬಹುದು.